ಗೊತ್ತಿಲ್ಲದ ನಂಬರಿನಿಂದ ಕರೆ ಬಂದಾಗ: ಮಲೆನಾಡಿನ ಮನೆಗಳಿಗೊಂದು ಕೈಪಿಡಿ

ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಹತ್ತಿರ ನಮ್ಮ ದೊಡ್ಡಪ್ಪನವರ ಕಾಫಿ ತೋಟವಿದೆ. ಕೊಯ್ಲಿನ ದಿನಗಳಲ್ಲಿ ಸಂಜೆ ನಾಲ್ಕೂವರೆಯ ಹೊತ್ತಿಗೆ ಆಳುಗಳು ಅಂದು ಕೊಯ್ದ ಹಣ್ಣನ್ನು ಚೀಲದಲ್ಲಿ ಹೊತ್ತು ಕಣಕ್ಕೆ ತರುತ್ತಾರೆ. ತೋಟದ ರೈಟರ್, ಅಂದರೆ ಗುಮಾಸ್ತರು, ಒಂದೊಂದೇ ಚೀಲವನ್ನು ತೂಗಿ ತೂಕ ಕೂಗುತ್ತಾರೆ. ದೊಡ್ಡಪ್ಪ ಜಗಲಿಯಲ್ಲಿ ಕುಳಿತು ಪುಸ್ತಕಕ್ಕೆ ಬರೆದುಕೊಳ್ಳುತ್ತಾರೆ. ಮಳೆ ಬಂದರೂ ಜ್ವರ ಬಂದರೂ ಅವರು ಈ ಕೆಲಸವನ್ನು ತಪ್ಪಿಸಿದವರಲ್ಲ. ಎರಡು ವರ್ಷಗಳ ಹಿಂದೆ ಒಂದು ಸಂಜೆ ಅವರು ಹೊರಗೆ ಬರಲಿಲ್ಲ. ರೈಟರ್ ಹೋಗಿ ನೋಡಿದರೆ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಹಲವು ಬಾರಿ ಬಡಿದ ಮೇಲೆ ಬಾಗಿಲು ತೆರೆಯಿತು. ಮೇಜಿನ ಮೇಲೆ ನೀರಿನ ಚೊಂಬಿಗೆ ಒರಗಿಸಿ ಫೋನ್ ನಿಲ್ಲಿಸಲಾಗಿತ್ತು, ಪರದೆಯಲ್ಲಿ ಪೊಲೀಸ್ ಸಮವಸ್ತ್ರದ ಒಬ್ಬ ವ್ಯಕ್ತಿ ಇದ್ದ, ಪಕ್ಕದಲ್ಲಿ ಬ್ಯಾಂಕಿನ ಪಾಸ್‌ಬುಕ್ ಬಿಚ್ಚಿಟ್ಟಿತ್ತು. ಬೆಳಗ್ಗೆ ಹನ್ನೊಂದಕ್ಕೆ ಬಂದ ಕರೆ ಅದು. ದೊಡ್ಡಪ್ಪ ಮಧ್ಯಾಹ್ನದ ಊಟವನ್ನೂ ಮಾಡಿರಲಿಲ್ಲ. ರೈಟರ್ ಏನನ್ನೂ ಕೇಳದೆ ಫೋನನ್ನು ಕೈಗೆತ್ತಿಕೊಂಡು ಕರೆ ಕತ್ತರಿಸಿ, ಮೇಜಿನ ಮೇಲೆ ಮಗುಚಿ ಹಾಕಿದರು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಹಿಂದಿನ ವರ್ಷದ ಕಾಫಿಯ ದುಡ್ಡು ಪೂರ್ತಿ ಹೋಗುತ್ತಿತ್ತು.

ಆಮೇಲೆ ದೊಡ್ಡಪ್ಪ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ನಂಬರು ನೋಡಿ ಅವನು ಕಳ್ಳ ಅಂತ ನನಗೆ ಹೇಗೆ ಗೊತ್ತಾಗಬೇಕಿತ್ತು, ಹೇಳು?" ಈ ಬರಹ ಅದಕ್ಕೆ ಕೊಡುವ ಉತ್ತರ. ನಂಬರು ನೋಡಿ ಅದು ಖಚಿತವಾಗಿ ಗೊತ್ತಾಗುವುದಿಲ್ಲ. ನಂಬರು, ಅದರ ಜೊತೆ ಕಾಣುವ ಹೆಸರು, ಫೋಟೊ ಇವೆಲ್ಲ ಸುಳಿವುಗಳಷ್ಟೆ. ಕರೆ ಮಾಡಿದವರು ಯಾರೆಂಬುದು ದೃಢವಾಗುವುದು ನಾವು ಆ ಕರೆಯನ್ನು ಮುಗಿಸಿ, ನಮ್ಮ ಬಳಿ ಮೊದಲೇ ಇರುವ ನಂಬರಿಗೆ ನಾವೇ ತಿರುಗಿ ಕರೆ ಮಾಡಿದಾಗ ಮಾತ್ರ. ಮುಂದೆ ಬರೆದಿರುವುದೆಲ್ಲ ಈ ಮಾತನ್ನು ಆಚರಣೆಗೆ ತರುವ ಬಗೆ.

ನಂಬರು ಹೇಳುವುದೆಷ್ಟು

140ರಿಂದ ಆರಂಭವಾಗುವ ನಂಬರುಗಳು ಜಾಹೀರಾತಿನ ಕರೆಗಳಿಗೆ ಮೀಸಲು. ಸಾಲ, ವಿಮೆ, ಕ್ರೆಡಿಟ್ ಕಾರ್ಡ್ ಬೇಕೇ ಎಂದು ಕೇಳುವ ನೋಂದಾಯಿತ ಸಂಸ್ಥೆಗಳು ಇವನ್ನು ಬಳಸಬೇಕು. ಬ್ಯಾಂಕುಗಳು, ವಿಮಾ ಸಂಸ್ಥೆಗಳು ಮತ್ತು ಸರ್ಕಾರಿ ಇಲಾಖೆಗಳು ತಮ್ಮ ಗ್ರಾಹಕರಿಗೆ ಸೇವೆ ಅಥವಾ ವಹಿವಾಟಿನ ಸಂಬಂಧ ಕರೆ ಮಾಡಲೆಂದು 2024ರಲ್ಲಿ 1600ರ ಸರಣಿಯನ್ನು ಪ್ರತ್ಯೇಕವಾಗಿ ಕೊಡಲಾಗಿದೆ. ಆದ್ದರಿಂದ "ನಾನು ನಿಮ್ಮ ಬ್ಯಾಂಕಿನ ಮುಖ್ಯ ಕಚೇರಿಯಿಂದ ಮಾತನಾಡುತ್ತಿದ್ದೇನೆ" ಎನ್ನುವ ಕರೆ 9 ಅಥವಾ 7ರಿಂದ ಆರಂಭವಾಗುವ ಸಾಮಾನ್ಯ ಮೊಬೈಲ್ ನಂಬರಿನಿಂದ ಬಂದರೆ ಅಲ್ಲಿಯೇ ಅನುಮಾನ ಪಡಬೇಕು. ನಮ್ಮ ಊರಿನ ಶಾಖೆಯ ಸಿಬ್ಬಂದಿ ಕೆಲವೊಮ್ಮೆ ತಮ್ಮ ಸ್ವಂತ ಮೊಬೈಲಿನಿಂದ ಕರೆ ಮಾಡುವುದುಂಟು, ನಿಜ. ಅವರು ಶಾಖೆಗೆ ಬರಲು ಹೇಳಬಹುದು, ಆದರೆ ಓಟಿಪಿ ಕೇಳುವುದಿಲ್ಲ.

ಸ್ಥಿರ ದೂರವಾಣಿಯ ವಿಷಯದಲ್ಲಿ ಇನ್ನೊಂದು ಗೊಂದಲವಿದೆ. ಹಾಸನದ ಎಸ್‌ಟಿಡಿ ಕೋಡ್ 08172, ಚಿಕ್ಕಮಗಳೂರಿನದು 08262. ಈ ಊರುಗಳ ಕಚೇರಿಯಿಂದ ನಮ್ಮ ಮೊಬೈಲಿಗೆ ಕರೆ ಬಂದಾಗ ಮೊದಲಿನ ಸೊನ್ನೆ ಹೋಗಿ +91 8172 ಅಥವಾ +91 8262 ಎಂದು ಕಾಣುತ್ತದೆ. ನೋಡಿದವರು ಅದನ್ನು ಯಾವುದೋ ಮೊಬೈಲ್ ನಂಬರೆಂದು ತಿಳಿದು ಆಸ್ಪತ್ರೆಯ ಅಥವಾ ತಾಲ್ಲೂಕು ಕಚೇರಿಯ ನಿಜವಾದ ಕರೆಯನ್ನೂ ಬಿಟ್ಟುಬಿಡುತ್ತಾರೆ. ಈ ಅಂಕಿಗಳನ್ನು ಮನೆಯವರಿಗೆ ತಿಳಿಸಿಕೊಡುವುದು ಒಳ್ಳೆಯದು.

ಮೊದಲಿಗೆ + ಗುರುತಿದ್ದು ಅದರ ಮುಂದೆ 91 ಬಿಟ್ಟು ಬೇರೆ ಸಂಖ್ಯೆ ಇರುವ ಕರೆ ಹೊರದೇಶದ್ದು. ಮಗ, ಮಗಳು, ನೆಂಟರು ಯಾರೂ ಹೊರದೇಶದಲ್ಲಿ ಇಲ್ಲದಿದ್ದರೆ ಅದನ್ನು ಎತ್ತುವ ಅಗತ್ಯವಿಲ್ಲ, ಒಂದೇ ರಿಂಗಾಗಿ ನಿಂತುಹೋದರೆ ತಿರುಗಿ ಮಾಡುವ ಅಗತ್ಯವಂತೂ ಇಲ್ಲವೇ ಇಲ್ಲ. ಆದರೆ +91 ಇದ್ದ ಮಾತ್ರಕ್ಕೆ ಕರೆ ಭಾರತದಿಂದಲೇ ಬಂದಿದೆ ಎನ್ನುವಂತಿಲ್ಲ. ಹೊರದೇಶದಲ್ಲಿ ಕುಳಿತು ಭಾರತದ ನಂಬರು ಕಾಣುವಂತೆ ಕರೆ ಮಾಡುವ ತಂತ್ರವಿದೆ. ಅಂಥ ಕರೆಗಳನ್ನು ತಡೆಯಲು ದೂರಸಂಪರ್ಕ ಇಲಾಖೆಯು 2024ರ ಅಕ್ಟೋಬರ್‌ನಲ್ಲಿ ಒಂದು ವ್ಯವಸ್ಥೆಯನ್ನು ಜಾರಿಗೆ ತಂದಿದ್ದರೂ ಎಲ್ಲವೂ ಅದಕ್ಕೆ ಸಿಕ್ಕುತ್ತವೆಂದು ಭಾವಿಸಬಾರದು.

ಎಸ್‌ಎಂಎಸ್‌ಗಳಲ್ಲಿ ಗುರುತು ಇನ್ನೂ ಸುಲಭ. ಕಳುಹಿಸಿದವರ ಹೆಸರಿನ ಕೊನೆಯಲ್ಲಿ ಅಡ್ಡಗೆರೆಯ ನಂತರ ಒಂದು ಇಂಗ್ಲಿಷ್ ಅಕ್ಷರವಿರುತ್ತದೆ: ಜಿ ಎಂದರೆ ಸರ್ಕಾರಿ, ಟಿ ಎಂದರೆ ವಹಿವಾಟು, ಎಸ್ ಎಂದರೆ ಸೇವೆ, ಪಿ ಎಂದರೆ ಜಾಹೀರಾತು. "ನಿಮ್ಮ ಖಾತೆ ಸ್ಥಗಿತಗೊಂಡಿದೆ" ಎಂಬ ಸಂದೇಶ ಹತ್ತಂಕಿಯ ಮೊಬೈಲ್ ನಂಬರಿನಿಂದ ಬಂದಿದ್ದರೆ ಅದು ಬ್ಯಾಂಕಿನದಲ್ಲ.

ಹೆಸರು ತೋರಿಸುವ ಆ್ಯಪ್‌ಗಳನ್ನು ಎಷ್ಟು ನಂಬಬಹುದು

ಟ್ರೂಕಾಲರ್ ಅನ್ನು ಇಂದು ಅಡಿಕೆ ಮಂಡಿಯವರಿಂದ ಹಿಡಿದು ಶಾಲೆಯ ಮೇಷ್ಟರವರೆಗೆ ಎಲ್ಲರೂ ಬಳಸುತ್ತಾರೆ. ಅದು ತೋರಿಸುವ ಹೆಸರು ಬಹುಪಾಲು ಜನರೇ ಕೊಟ್ಟದ್ದು, ಅಂದರೆ ಆ ನಂಬರಿನ ಒಡೆಯ ತಾನೇ ಬರೆದುಕೊಂಡದ್ದು ಅಥವಾ ಇತರರು ಸೂಚಿಸಿದ್ದು. ಹಾಗಾಗಿ ಕೆಂಪು ಬಣ್ಣದಲ್ಲಿ ಎಚ್ಚರಿಕೆ ಬಂದರೆ ಅದಕ್ಕೆ ಬೆಲೆ ಕೊಡಬೇಕು, ಏಕೆಂದರೆ ಆ ನಂಬರಿನ ಬಗ್ಗೆ ಅನೇಕರು ದೂರಿದ್ದಾರೆ ಎಂದರ್ಥ. ಆದರೆ "ಬ್ಯಾಂಕ್ ಮ್ಯಾನೇಜರ್" ಎಂದೋ "ಸಿಬಿಐ ಆಫೀಸ್" ಎಂದೋ ಹೆಸರು ಬಂದರೆ ಅದಕ್ಕೆ ಯಾವ ಬೆಲೆಯೂ ಇಲ್ಲ. ವಾಟ್ಸಾಪ್‌ನಲ್ಲಿ ಕಾಣುವ ಅಶೋಕ ಸ್ತಂಭದ ಚಿತ್ರವೂ ಅಷ್ಟೇ. ಯಾರು ಬೇಕಾದರೂ ಹಾಕಿಕೊಳ್ಳಬಹುದು.

ಸಿಮ್ ಕೊಳ್ಳುವಾಗ ಕೊಟ್ಟ ದಾಖಲೆಯಲ್ಲಿರುವ ಹೆಸರನ್ನೇ ಕರೆ ಬಂದಾಗ ಪರದೆಯ ಮೇಲೆ ತೋರಿಸುವ ಸಿಎನ್‌ಎಪಿ ಎಂಬ ವ್ಯವಸ್ಥೆಯನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಫೆಬ್ರವರಿಯಲ್ಲಿ ಶಿಫಾರಸು ಮಾಡಿತು. 4ಜಿ ಮತ್ತು 5ಜಿ ಫೋನುಗಳಿಗೆ ಅದು ಹಂತಹಂತವಾಗಿ ಬರುತ್ತಿದೆ. ಟ್ರೂಕಾಲರ್‌ಗಿಂತ ಇದು ಗಟ್ಟಿ ಆಧಾರ ಎಂಬುದರಲ್ಲಿ ಸಂಶಯವಿಲ್ಲ. ಆದರೂ ವಂಚಕರು ಬಳಸುವ ಸಿಮ್‌ಗಳು ಅನೇಕ ವೇಳೆ ಬೇರೆ ಯಾರೋ ಬಡವರ ಹೆಸರಿನಲ್ಲಿರುತ್ತವೆ, ಹಾಗಾಗಿ ಹೆಸರು ಸರಿಯಾಗಿದ್ದರೂ ಮಾತನಾಡುವವನು ಬೇರೆಯವನಾಗಿರಬಹುದು. ಯುಪಿಐ ಆ್ಯಪ್‌ನಲ್ಲಿ ನಂಬರು ಹಾಕಿ ಖಾತೆದಾರರ ಹೆಸರು ನೋಡುವ ಉಪಾಯವನ್ನು ನಮ್ಮ ಹುಡುಗರು ಕಂಡುಕೊಂಡಿದ್ದಾರೆ. ಅದಕ್ಕೂ ಇದೇ ಮಿತಿಯಿದೆ.

ಒಂದು ಸೆಟ್ಟಿಂಗನ್ನು ಮಾತ್ರ ಇಂದೇ ಬದಲಿಸಿಕೊಳ್ಳಿ. ವಾಟ್ಸಾಪ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ, ಅದರೊಳಗೆ ಕಾಲ್ಸ್ ಎಂಬಲ್ಲಿಗೆ ಹೋದರೆ ಗೊತ್ತಿಲ್ಲದವರ ಕರೆ ಸದ್ದು ಮಾಡದಂತೆ ಇರಿಸುವ ಅವಕಾಶವಿದೆ. ಕರೆ ಬಂದದ್ದು ಪಟ್ಟಿಯಲ್ಲಿ ಕಾಣುತ್ತದೆ, ರಿಂಗ್ ಮಾತ್ರ ಆಗುವುದಿಲ್ಲ. ದೊಡ್ಡಪ್ಪನವರಿಗೆ ಬಂದ ಆ ವಿಡಿಯೊ ಕರೆ ವಾಟ್ಸಾಪ್‌ನಲ್ಲೇ ಬಂದಿತ್ತು.

ಏನು ಕೇಳುತ್ತಾರೆ ಎಂಬುದೇ ನಿಜವಾದ ಗುರುತು

ನಂಬರಿಗಿಂತ ಮಾತಿನ ಓಟವನ್ನು ಗಮನಿಸಿದರೆ ವಂಚನೆ ಬೇಗ ತಿಳಿಯುತ್ತದೆ. ಮೊದಲು ಹೆದರಿಕೆ ಅಥವಾ ಆಸೆ, ಆಮೇಲೆ ಅವಸರ, ಕೊನೆಗೆ "ಯಾರಿಗೂ ಹೇಳಬೇಡಿ" ಎಂಬ ಕಟ್ಟು. ಈ ಮೂರನೆಯದು ಬಂದಾಗ ಎದುರಿಗಿರುವವನು ವಂಚಕ ಎಂದು ತೀರ್ಮಾನಿಸಬಹುದು. ಪ್ರಾಮಾಣಿಕವಾದ ಯಾವ ಕಚೇರಿಯೂ ಮನೆಯವರಿಂದ ವಿಷಯ ಮುಚ್ಚಿಡಲು ಹೇಳುವುದಿಲ್ಲ.

ದೊಡ್ಡಪ್ಪನವರಿಗೆ ಮೊದಲು ಕೊರಿಯರ್ ಕಂಪನಿಯ ಹೆಸರಿನಲ್ಲಿ ಕರೆ ಬಂದಿತ್ತು. ಅವರ ಆಧಾರ್ ಬಳಸಿ ಕಳುಹಿಸಿದ ಪೊಟ್ಟಣದಲ್ಲಿ ಮಾದಕ ವಸ್ತು ಸಿಕ್ಕಿದೆ ಎಂದರು. ಅಲ್ಲಿಂದ "ಮುಂಬೈ ಪೊಲೀಸರಿಗೆ" ವರ್ಗಾಯಿಸಿದರು. ಸಮವಸ್ತ್ರದವನು ನೀವು ಡಿಜಿಟಲ್ ಅರೆಸ್ಟ್‌ನಲ್ಲಿದ್ದೀರಿ, ಕ್ಯಾಮೆರಾ ಎದುರಿನಿಂದ ಏಳಬಾರದು, ಬಾಗಿಲು ಹಾಕಿಕೊಳ್ಳಿ ಎಂದ. ಕೊನೆಗೆ, ಖಾತೆಯಲ್ಲಿರುವ ಹಣವನ್ನೆಲ್ಲ ಪರಿಶೀಲನೆಗಾಗಿ ರಿಸರ್ವ್ ಬ್ಯಾಂಕಿನ ಖಾತೆಗೆ ಹಾಕಿ, ತನಿಖೆ ಮುಗಿದ ಮೇಲೆ ಮರಳಿಸುತ್ತೇವೆ ಎಂದ. ಭಾರತದ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯವರೇ ಇದನ್ನು ದೇಶಕ್ಕೆ ಹೇಳಬೇಕಾಗಿ ಬಂತು. ವಿಚಾರಣೆಗೆ ಹಾಜರಾಗುವಂತೆ ಪೊಲೀಸರು ಕೊಡುವ ನೋಟಿಸನ್ನು ವಾಟ್ಸಾಪ್ ಮೂಲಕ ಜಾರಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ರಿಸರ್ವ್ ಬ್ಯಾಂಕು ಜನಸಾಮಾನ್ಯರ ಖಾತೆಗಳನ್ನು ಇಟ್ಟುಕೊಳ್ಳುವುದೇ ಇಲ್ಲ. ಇಂಥ ಕರೆ ಬಂದಾಗ ವಾದಕ್ಕೆ ಇಳಿಯಬೇಡಿ, ನಿರಪರಾಧಿ ಎಂದು ಸಾಬೀತುಪಡಿಸಲು ಹೋಗಬೇಡಿ. ಕರೆ ಕತ್ತರಿಸಿ ಹತ್ತಿರದ ಠಾಣೆಗೆ ಹೋಗಿ ಕೇಳಿ, ಇಲ್ಲವೇ ತುರ್ತು ಸಹಾಯವಾಣಿ 112ಕ್ಕೆ ಕರೆ ಮಾಡಿ. ವಯಸ್ಸಾದವರು ಹೆದರುವುದು ದಡ್ಡತನದಿಂದಲ್ಲ. ಜೀವಮಾನವಿಡೀ ಠಾಣೆಯ ಮೆಟ್ಟಿಲು ಹತ್ತದೆ ಮರ್ಯಾದೆಯಿಂದ ಬಾಳಿದವರಿಗೆ ಆ ಹೆಸರು ಕೇಳಿದೊಡನೆ ಕೈಕಾಲು ಆಡುವುದಿಲ್ಲ. ವಂಚಕರು ಬಳಸಿಕೊಳ್ಳುವುದು ಆ ಮರ್ಯಾದೆಯನ್ನೇ.

"ಈ ರಾತ್ರಿ ಒಂಬತ್ತೂವರೆಗೆ ನಿಮ್ಮ ಮನೆಯ ಕರೆಂಟ್ ಕಟ್ ಆಗುತ್ತದೆ, ಕೂಡಲೇ ಈ ನಂಬರಿಗೆ ಕರೆ ಮಾಡಿ" ಎಂಬ ಸಂದೇಶ ಇನ್ನೊಂದು ಬಗೆ. ಹಾಸನ ಜಿಲ್ಲೆಗೆ ವಿದ್ಯುತ್ ಕೊಡುವುದು ಸೆಸ್ಕ್, ಚಿಕ್ಕಮಗಳೂರಿಗೆ ಮೆಸ್ಕಾಂ. ದೂರದಲ್ಲಿ ಕುಳಿತ ವಂಚಕನಿಗೆ ಈ ಭೇದ ತಿಳಿದಿರಬೇಕೆಂದಿಲ್ಲ, ಬೆಂಗಳೂರಿನ ಬೆಸ್ಕಾಂ ಹೆಸರು ಹೇಳಿಬಿಟ್ಟರೆ ಅಲ್ಲಿಯೇ ಸಿಕ್ಕಿಬೀಳುತ್ತಾನೆ. ಸರಿಯಾದ ಹೆಸರನ್ನೇ ಹೇಳಿದರೂ ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ ವಿಚಾರಿಸಿ ಅಥವಾ ಬಿಲ್ ಕೊಡಲು ಬರುವ ಮೀಟರ್ ರೀಡರ್ ಅವರನ್ನು ಕೇಳಿ. ಈ ಕರೆಗಳಲ್ಲಿ ಹತ್ತು ರೂಪಾಯಿ ಕಟ್ಟಿಸುವ ನೆಪದಲ್ಲಿ ಎನಿಡೆಸ್ಕ್‌ನಂತಹ ಆ್ಯಪ್ ಹಾಕಿಸುತ್ತಾರೆ. ಅದನ್ನು ಹಾಕಿಕೊಂಡರೆ ನಮ್ಮ ಪರದೆಯಲ್ಲಿ ಕಾಣುವುದೆಲ್ಲ, ಬರುವ ಓಟಿಪಿ ಸಹಿತ, ಅವರಿಗೂ ಕಾಣುತ್ತದೆ.

ಹೋಂಸ್ಟೇ ನಡೆಸುವವರು ಮುಖ್ಯವಾಗಿ ಎಚ್ಚರ ವಹಿಸಬೇಕಾದದ್ದು ಸೇನಾಧಿಕಾರಿಯ ಸೋಗಿನ ಕರೆಗೆ. ಮುಳ್ಳಯ್ಯನಗಿರಿ ನೋಡಲು ಹತ್ತು ಜನ ಬರುತ್ತೇವೆ, ಮೂರು ಕೋಣೆ ಬೇಕು ಎಂದು ಹಿಂದಿಯಲ್ಲಿ ಮಾತು ಆರಂಭವಾಗುತ್ತದೆ, ಗುರುತಿನ ಚೀಟಿಯ ಚಿತ್ರವೂ ಬರುತ್ತದೆ, ದರದ ಬಗ್ಗೆ ಚೌಕಾಸಿಯೇ ಇರುವುದಿಲ್ಲ. ಆಮೇಲೆ ಮುಂಗಡ ಕಳುಹಿಸುತ್ತೇವೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಎನ್ನುತ್ತಾರೆ. ಹಣ ಪಡೆಯಲು ಸ್ಕ್ಯಾನ್ ಬೇಡ, ಪಿನ್ ಬೇಡ. ಪಿನ್ ಒತ್ತಿದರೆ ಹಣ ನಮ್ಮ ಖಾತೆಯಿಂದ ಹೋಗುತ್ತದೆ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ಕಲೆಕ್ಟ್ ಕೋರಿಕೆಯನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ, ಆದರೆ ಕ್ಯೂಆರ್ ತಂತ್ರ ನಿಂತಿಲ್ಲ. ಇದರದೇ ಇನ್ನೊಂದು ರೂಪವೆಂದರೆ "ಐದು ಸಾವಿರದ ಬದಲು ಐವತ್ತು ಸಾವಿರ ಹಾಕಿಬಿಟ್ಟೆ, ಉಳಿದದ್ದನ್ನು ವಾಪಸ್ ಹಾಕಿ" ಎಂಬ ಬೇಡಿಕೆ. ಅದಕ್ಕೆ ಪುರಾವೆಯಾಗಿ ಬರುವ ಎಸ್‌ಎಂಎಸ್ ಅವರೇ ಬರೆದದ್ದು. ಎಸ್‌ಎಂಎಸ್ ನೋಡಿ ಹಣ ಬಂತೆಂದು ತಿಳಿಯದೆ, ಬ್ಯಾಂಕಿನ ಆ್ಯಪ್ ತೆರೆದು ಖಾತೆಯಲ್ಲಿ ಎಷ್ಟು ಹಣವಿದೆ ಎಂದು ನೋಡಬೇಕು.

ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲುಗಳು, ಅಂದರೆ ಒತ್ತಿದರೆ ಫೋನಿಗೆ ಆ್ಯಪ್ ಹಾಕಿಬಿಡುವ ಫೈಲುಗಳು, ಈಗಿನ ದೊಡ್ಡ ಪಿಡುಗು. ಮದುವೆಯ ಕರೆಯೋಲೆ, ವಾಹನದ ದಂಡದ ಚಲನ್, ಪಿಎಂ ಕಿಸಾನ್ ಪಟ್ಟಿ ಎಂಬ ಹೆಸರುಗಳಲ್ಲಿ ಬರುತ್ತವೆ. ಪರಿಚಯದವರ ನಂಬರಿನಿಂದಲೇ ಬರುವುದೂ ಉಂಟು, ಏಕೆಂದರೆ ಅವರ ಫೋನು ಮೊದಲೇ ವಂಚಕರ ವಶವಾಗಿರುತ್ತದೆ. ಮದುವೆ ಕಾಗದ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ, ಆ್ಯಪ್ ಆಗಿ ಬರುವುದಿಲ್ಲ. ಫೈಲಿನ ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿದ್ದರೆ ಮುಟ್ಟದೆ ಅಳಿಸಿ. ಚಲನ್ ಇದೆಯೇ ಎಂದು ತಿಳಿಯಬೇಕಾದರೆ ಸರ್ಕಾರದ ಪರಿವಾಹನ್ ಜಾಲತಾಣಕ್ಕೆ ನೀವೇ ಹೋಗಿ ವಾಹನದ ನಂಬರು ಹಾಕಿ ನೋಡಿ.

ಯಾರಾದರೂ ಸ್ಟಾರ್ ಗುರುತಿನಿಂದ ಆರಂಭವಾಗುವ ಸಂಖ್ಯೆಯೊಂದನ್ನು ಒತ್ತಿ ಎಂದರೆ ಒತ್ತಬಾರದು. *21* ಅಥವಾ *401* ಎಂದು ಆರಂಭವಾಗಿ ಮುಂದೆ ಅವರ ನಂಬರು ಇದ್ದರೆ ನಿಮಗೆ ಬರುವ ಕರೆಗಳು ಅವರಿಗೆ ತಿರುಗಬಹುದು, ಬ್ಯಾಂಕಿನ ಕರೆಯಲ್ಲಿ ಬರುವ ಓಟಿಪಿ ಕೂಡ. ಈಗಾಗಲೇ ಒತ್ತಿರುವ ಸಂಶಯವಿದ್ದರೆ *#21# ಒತ್ತಿ ಪರೀಕ್ಷಿಸಿ. ##002# ಒತ್ತಿದರೆ ಎಲ್ಲ ಫಾರ್ವರ್ಡಿಂಗ್ ರದ್ದಾಗುತ್ತದೆ.

ತಿರುಗಿ ಕರೆ ಮಾಡುವಾಗಲೂ ಒಂದು ಎಚ್ಚರ ಬೇಕು. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಗ್ರಾಹಕ ಸೇವೆಯ ನಂಬರಿಗೆ ಮಾಡಬೇಡಿ, ಅಲ್ಲಿಯೂ ವಂಚಕರು ತಮ್ಮ ನಂಬರುಗಳನ್ನು ತುಂಬಿರುತ್ತಾರೆ. ಎಟಿಎಂ ಕಾರ್ಡಿನ ಹಿಂಬದಿಯಲ್ಲಿ ಅಥವಾ ಪಾಸ್‌ಬುಕ್‌ನಲ್ಲಿ ಅಚ್ಚಾಗಿರುವ ನಂಬರನ್ನು ಬಳಸಿ. ಫೋನಿನಲ್ಲಿ ಏನಾದರೂ ಆ್ಯಪ್ ಹಾಕಿಸಿದ್ದರೆ ಬೇರೊಬ್ಬರ ಫೋನಿನಿಂದ ಮಾಡಿ.

ದುಡ್ಡು ಹೋಗಿಬಿಟ್ಟರೆ

ಅತ್ತು ಕೂರಲು ಸಮಯವಿಲ್ಲ, ನಾಚಿಕೆಗಂತೂ ಇಲ್ಲವೇ ಇಲ್ಲ. ಹೋದ ಹಣ ಕೆಲವೇ ನಿಮಿಷಗಳಲ್ಲಿ ಒಂದು ಖಾತೆಯಿಂದ ಹಲವು ಖಾತೆಗಳಿಗೆ ಹರಿದುಹೋಗುತ್ತದೆ. ಅದು ಎಲ್ಲಾದರೂ ನಿಂತಿರುವಾಗಲೇ ತಡೆಹಿಡಿಸುವುದು ನಮ್ಮ ಕೈಲಿರುವ ಒಂದೇ ದಾರಿ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಹೋದ ದಿನಾಂಕ, ಸಮಯ, ಮೊತ್ತ, ನಿಮ್ಮ ಖಾತೆ ಸಂಖ್ಯೆ ಮತ್ತು ಯುಪಿಐ ಆಗಿದ್ದರೆ ಆ ವಹಿವಾಟಿನ ಗುರುತಾದ ಹನ್ನೆರಡು ಅಂಕಿಯ ಯುಟಿಆರ್ ಸಂಖ್ಯೆಯನ್ನು ಅವರು ಕೇಳುತ್ತಾರೆ. ಅಷ್ಟರಲ್ಲಿ ಮನೆಯ ಇನ್ನೊಬ್ಬರು ಬ್ಯಾಂಕಿಗೆ ಕರೆ ಮಾಡಿ ಖಾತೆಯನ್ನೂ ಕಾರ್ಡನ್ನೂ ಬ್ಲಾಕ್ ಮಾಡಿಸಲಿ. 1930ರ ಲೈನ್ ಸಿಗದಿದ್ದರೆ ಕಾಯದೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಜಾಲತಾಣದಲ್ಲಿ ದೂರು ದಾಖಲಿಸಿ. ನಂತರ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲಾ ಕೇಂದ್ರದ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಹಾಸನ, ಚಿಕ್ಕಮಗಳೂರು ಎರಡರಲ್ಲೂ ಇದೆ. ಸಂದೇಶಗಳನ್ನಾಗಲಿ ಕರೆಗಳ ಪಟ್ಟಿಯನ್ನಾಗಲಿ ಸಿಟ್ಟಿನಲ್ಲಿ ಅಳಿಸಬೇಡಿ, ಅವೇ ಸಾಕ್ಷ್ಯ.

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯನ್ನು ಪ್ರತಿಯೊಬ್ಬ ಖಾತೆದಾರರೂ ತಿಳಿದಿರಬೇಕು. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಬೇರೆಲ್ಲೋ ಆದ ಲೋಪದಿಂದ ಹಣ ಹೋಗಿದ್ದರೆ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದಲ್ಲಿ ಆ ನಷ್ಟ ನಿಮ್ಮದಲ್ಲ. ಓಟಿಪಿಯನ್ನು ನೀವೇ ಹೇಳಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ನಂತರದ್ದು ಬ್ಯಾಂಕಿನದು. ಆದ್ದರಿಂದ ದೂರಿನ ಸಂಖ್ಯೆ ಮತ್ತು ಸಮಯವನ್ನು ಬರೆದಿಟ್ಟುಕೊಳ್ಳಿ. ಕಳೆದ ಹಣವನ್ನು ಕಮಿಷನ್ ಪಡೆದು ವಾಪಸ್ ಕೊಡಿಸುತ್ತೇವೆ ಎಂಬ ಕರೆಗಳು ಕೆಲವು ದಿನಗಳ ನಂತರ ಬಂದರೆ ಅವೂ ಅದೇ ಜಾತಿಯವು.

ಹಣ ಹೋಗದೆ ಕೇವಲ ಕರೆ ಬಂದಿದ್ದರೂ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ ಅಥವಾ ಆ್ಯಪ್‌ನ ಚಕ್ಷು ವಿಭಾಗದಲ್ಲಿ ಮೂವತ್ತು ದಿನಗಳೊಳಗೆ ವರದಿ ಮಾಡಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನೂ ಅಲ್ಲಿಯೇ ನೋಡಬಹುದು. ನಮ್ಮ ರಾಜ್ಯದಲ್ಲಿ ಒಬ್ಬರಿಗೆ ಒಂಬತ್ತರವರೆಗೆ ಅವಕಾಶವಿದೆ. ನಿಮಗೆ ಗೊತ್ತಿಲ್ಲದ ನಂಬರು ಕಂಡರೆ ಅದು ನನ್ನದಲ್ಲ ಎಂದು ಗುರುತಿಸಿ ತೆಗೆಸಿ.

ಮನೆಯಲ್ಲಿ ಮಾಡಿಡಬೇಕಾದ ಏರ್ಪಾಡು

ಮಕ್ಕಳು ಬೆಂಗಳೂರಿನಲ್ಲಿ, ಹಿರಿಯರಿಬ್ಬರೇ ತೋಟದ ಮನೆಯಲ್ಲಿ ಎಂಬ ಸ್ಥಿತಿ ನಮ್ಮ ಕಡೆ ಸಾಮಾನ್ಯ. ಅಂಥ ಮನೆಗಳಲ್ಲಿ ಕಾಫಿ, ಮೆಣಸು, ಅಡಿಕೆಯ ದುಡ್ಡು ವರ್ಷಕ್ಕೊಮ್ಮೆ ಒಟ್ಟಿಗೆ ಖಾತೆಗೆ ಬಂದು ಕೂರುತ್ತದೆ. ದಿನನಿತ್ಯದ ಯುಪಿಐಗೆ ಬೇರೆ ಖಾತೆ ತೆರೆದು ಅದರಲ್ಲಿ ತಿಂಗಳ ಖರ್ಚಿಗೆ ಬೇಕಾದಷ್ಟು ಮಾತ್ರ ಇಡಿ. ದೊಡ್ಡ ಮೊತ್ತವಿರುವ ಖಾತೆಗೆ ಯುಪಿಐ ಜೋಡಿಸಬೇಡಿ. ಬ್ಯಾಂಕಿನಲ್ಲಿ ಕೇಳಿ ಆನ್‌ಲೈನ್ ವರ್ಗಾವಣೆಯ ದಿನದ ಮಿತಿಯನ್ನು ಕಡಿಮೆ ಮಾಡಿಸಿ. ಮಗನ ಅಥವಾ ಮೊಮ್ಮಗಳ ದನಿಯನ್ನೇ ಅನುಕರಿಸಿ "ಆಕ್ಸಿಡೆಂಟ್ ಆಗಿದೆ, ದುಡ್ಡು ಹಾಕಿ" ಎನ್ನುವ ಕರೆಗಳೂ ಈಗ ಸಾಧ್ಯವಾಗಿರುವುದರಿಂದ ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪದವನ್ನು ನಿಶ್ಚಯಿಸಿಕೊಳ್ಳಿ. ನಮ್ಮ ಮನೆಯಲ್ಲಿ ಅದು ಹಿಂದೆ ಸಾಕಿದ್ದ ಒಂದು ಹಸುವಿನ ಹೆಸರು.

ಇಷ್ಟರ ಜೊತೆಗೆ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ನಂಬರುಗಳನ್ನು ಬರೆದು ಫೋನ್ ಚಾರ್ಜಿಗೆ ಹಾಕುವ ಜಾಗದ ಗೋಡೆಗೆ ಅಂಟಿಸಿ. ದೊಡ್ಡಪ್ಪನವರ ಕೋಣೆಯಲ್ಲಿ ನಾನು ಅಂಟಿಸಿದ ಹಾಳೆಯಲ್ಲಿ 1930, 112, 1912, ಬ್ಯಾಂಕಿನ ನಂಬರು ಮತ್ತು ನನ್ನ ನಂಬರು ಇದ್ದವು. ಮುಂದಿನ ಸಲ ಹೋದಾಗ ನೋಡಿದರೆ ಎಲ್ಲದರ ಮೇಲೆ, ಸ್ವಲ್ಪ ಜಾಗ ಉಳಿದಿದ್ದಲ್ಲಿ, ದೊಡ್ಡಪ್ಪ ತಮ್ಮ ಕೈಯಾರೆ ರೈಟರ್ ನಂಬರು ಬರೆದುಕೊಂಡಿದ್ದರು.